ಸೂತಕದ ಮೆಮೊರಿ

ತೊಂದರೆ ಶುರುವಾದದ್ದು ಗಿರಿಯಮ್ಮಜ್ಜಿಯ ಮೂಗುತಿಯಿಂದ.

ಅಜ್ಜಿ ತೀರಿಹೋಗಿದ್ದರು. ಉತ್ತರಕ್ರಿಯೆಯ ಕಾಗದ ಮಾಡಿಸಲು ಅವರ ಮಗ ಒಂದು ಹಳೆಯ ಫೋಟೊವನ್ನು ಧರ್ಮೇಶನ ಅಂಗಡಿಗೆ ತಂದಿದ್ದ. ಅದರಲ್ಲಿ ಅಜ್ಜಿಯ ಮುಖ ಇತ್ತು, ಮೂಗೂ ಇತ್ತು, ಮೂಗುತಿ ಮಾತ್ರ ಮಸುಕಾಗಿತ್ತು. "ಅಮ್ಮ ಮೂಗುತಿ ಬಿಚ್ಚಿ ಒಂದು ದಿನ ಇದ್ದವಳಲ್ಲ. ಅದು ಕಾಣ್ಲೇಬೇಕು" ಎಂದು ಅವನು ಹಟ ಹಿಡಿದ. ಮೂಗುತಿ ಕಾಣಬೇಕೆಂದರೆ ಫೋಟೊವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಬೇಕು. ದೊಡ್ಡದಾಗಿ ಮಾಡಿದರೆ ಕಂಪ್ಯೂಟರು ತಡೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಟೈಪಿಂಗ್ ಮಾಡುವ ಚೇತನಾ ಮಾಡಿದಳು, ಅದು ತಡೆದುಕೊಳ್ಳಲಿಲ್ಲ. ಪರದೆಯ ಮೇಲೆ ಅಜ್ಜಿ ಹಣೆಯಿಂದ ಮೂಗಿನವರೆಗೆ ಇಳಿದು ಬಂದು, ಅಲ್ಲಿಂದ ಮುಂದಕ್ಕೆ ಬರಲು ಒಪ್ಪದೆ ಅರ್ಧ ದಿನ ನಿಂತುಬಿಟ್ಟರು. ಅಕ್ಕಿ ಬೇಳೆಗೆಂದು ಬಂದವರೆಲ್ಲ ಆ ಅರ್ಧ ಮುಖಕ್ಕೆ ಕೈಮುಗಿದು ಹೋದರು.

ಕಾಗದ ಹೇಗೋ ಮುಗಿಯಿತು. ಆದರೆ ಧರ್ಮೇಶನಿಗೆ ಅವಮಾನವಾಗಿತ್ತು. "ಎಂತ ಇದು, ಸತ್ತವರೂ ಕಾಯಬೇಕಾ ನಮ್ಮ ಅಂಗಡೀಲಿ?" ಎಂದು ಅವನು ಕೊಪ್ಪಕ್ಕೆ ಫೋನ್ ಮಾಡಿ, ದೊಡ್ಡದೊಂದು ಮೆಮೊರಿ ಪಟ್ಟಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿದ.

ಧರ್ಮೇಶನದು ಶೃಂಗೇರಿಯ ಬಸ್ ಸ್ಟ್ಯಾಂಡಿನ ಹತ್ತಿರದ ದಿನಸಿ ಅಂಗಡಿ. ಅದರ ಒಂದು ಮೂಲೆಯಲ್ಲಿ, ಮೊಟ್ಟೆಯ ಟ್ರೇಗಳಿಗೂ ಹಿಂಡಿಯ ಚೀಲಗಳಿಗೂ ನಡುವೆ, ಈ ಕಂಪ್ಯೂಟರು ಕುಳಿತಿತ್ತು. ಆ ವೇಳೆಗಾಗಲೇ ಪೇಟೆಯ ಉಳಿದವರು ಹೊಸ ವಿಂಡೋಸ್ ಎಕ್ಸ್‌ಪಿ ಹಾಕಿಸಿಕೊಂಡಿದ್ದರು. ಧರ್ಮೇಶನದ್ದು ಇನ್ನೂ ತೊಂಬತ್ತೆಂಟರ ವಿಂಡೋಸ್. "ಹಾಳಾಗದ್ದನ್ನ ಯಾರಾದ್ರೂ ಬದಲಾಯಿಸ್ತಾರಾ?" ಎನ್ನುವುದು ಅವನ ಮಾತು. ಊರಿನ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಗಳೆಲ್ಲ ಆ ಮೂಲೆಯಲ್ಲಿ ಅಕ್ಷರವಾಗಿ ಹೊರಗೆ ಬರುತ್ತಿದ್ದವು.

ಅಕ್ಷರ ಕೂರಿಸುವವಳು ಚೇತನಾ. ಕೆರೆಕಟ್ಟೆಯವಳು, ಬಿ.ಎ. ಮುಗಿಸಿದವಳು, ಮಾತು ತುಟಿಗೆ ಬರುವ ಮೊದಲೇ ಅದನ್ನು ನುಂಗಿಬಿಡುವ ಅಭ್ಯಾಸದವಳು. ಡಿಗ್ರಿ ಆದ ಮೇಲೆ ಅವಳು ಮನೆಯಲ್ಲಿ ಬಹಳ ಕಾಲ ಕುಳಿತಿದ್ದಳು. ಆಗ ಅವಳನ್ನು ಕಂಡವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಈಗ ಎಂತ ಮಾಡ್ತಿದ್ದಿ?" ಹಾಲು ಕೊಳ್ಳಲು ಬಂದವರು ಕೇಳಿದರು, ಮದುವೆಮನೆಯಲ್ಲಿ ಕೋಸಂಬರಿ ಬಡಿಸುವವರು ಸೌಟು ಹಿಡಿದುಕೊಂಡೇ ಕೇಳಿದರು. ಕೆರೆಕಟ್ಟೆಯಿಂದ ಪ್ರತಿದಿನ ಶೃಂಗೇರಿಗೆ ಹೂ ಮಾರಲು ಹೋಗುವ ಸೀತಕ್ಕನಂತೂ ಬಸ್ಸಿನ ಕಿಟಕಿಯಿಂದಲೇ ಕೂಗಿ ಕೇಳುತ್ತಿದ್ದಳು. ಚೇತನಾ ಬಚ್ಚಲಿಗೆ ಹೋಗುವುದಕ್ಕೂ ದಾರಿ ನೋಡಿ ಹೋಗುವಂತಾಗಿತ್ತು. ಧರ್ಮೇಶನ ಅಂಗಡಿ ಸೇರಿದ ಮೇಲೆ ಅವಳಿಗೊಂದು ಉತ್ತರ ಸಿಕ್ಕಿತು. "ಶೃಂಗೇರೀಲಿ ಕಂಪ್ಯೂಟರು." ಅಷ್ಟೇ. ಆ ಉತ್ತರದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಸೀತಕ್ಕ ಕೂಡ ಪ್ರಶ್ನೆ ಬಿಟ್ಟು, ಬಸ್ಸಿನಲ್ಲಿ ತನ್ನ ಹೂವಿನ ಬುಟ್ಟಿಯಿಟ್ಟು ಅವಳಿಗೆ ಸೀಟು ಹಿಡಿಯತೊಡಗಿದ್ದಳು.

ಈಗ ಆ ಉತ್ತರಕ್ಕೇ ಕುತ್ತು ಬಂದಿತ್ತು. ಕುತ್ತಿನ ಹೆಸರು ನಿತೀಶ್. ಧರ್ಮೇಶನ ಹೆಂಡತಿಯ ಅಣ್ಣನ ಮಗ. ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಹಿಡಿದುಕೊಂಡು ಹೊಸದಾಗಿ ಬಂದು ಸೇರಿದ್ದ. ಧರ್ಮೇಶ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದ. ಬೆಳಿಗ್ಗೆ ಊದುಬತ್ತಿ ಸುತ್ತಿಸುವಾಗ ಕೈ ತಾನಾಗಿ ಅದರ ಮುಂದೆಯೂ ಒಂದು ಸುತ್ತು ಹೋಗುತ್ತಿತ್ತು. ನಿತೀಶನಿಗೆ ಕಂಪ್ಯೂಟರಿನಲ್ಲಿ ಇಸ್ಪೀಟು ಬರುತ್ತಿತ್ತು. ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. "ಕಲೀತಾನೆ ಬಿಡು" ಎಂದಿದ್ದ ಧರ್ಮೇಶ. ಅವನು ಕಲಿತ ದಿನ ತನಗೆ ಕೊನೆಯ ದಿನ ಎಂದು ಚೇತನಾಗೆ ಗೊತ್ತಿತ್ತು. ಆದ್ದರಿಂದ ಅವನು ಇಸ್ಪೀಟಿನಲ್ಲಿ ಗೆದ್ದಾಗಲೆಲ್ಲ ಅವಳು ಮನಸ್ಸಿನಲ್ಲೇ ದೇವರಿಗೆ ವಂದಿಸುತ್ತಿದ್ದಳು.

ಅವತ್ತು ಬೆಳಿಗ್ಗೆ ಹೊಸ ಮೆಮೊರಿ ಹಾಕಿದ್ದಾಯಿತು. ಕಂಪ್ಯೂಟರಿನ ಡಬ್ಬದೊಳಗೆ ಹಳೆಯ ಹಸಿರು ಪಟ್ಟಿ ಇತ್ತು, ಅದರ ಪಕ್ಕದ ಖಾಲಿ ಜಾಗದಲ್ಲಿ ಹೊಸ ಹಸಿರು ಪಟ್ಟಿ ಕೂತಿತು. ಧರ್ಮೇಶ ಕೈಮುಗಿದು ಸ್ವಿಚ್ಚು ಒತ್ತಿದ. ಕಪ್ಪು ಪರದೆ ಬಂತು. ಅದರ ಮೇಲೆ ಬಿಳಿಯ ಇಂಗ್ಲಿಷ್ ಸಾಲು.

"ಎಂತ ಬರೆದಿದೆ?"

ಚೇತನಾ ಮೆಲ್ಲಗೆ ಹೇಳಿದಳು. "ವಿಂಡೋಸ್ ಶುರು ಮಾಡೋಕೆ ಬೇಕಾದಷ್ಟು ಮೆಮೊರಿ ಇಲ್ಲ ಅಂತಿದೆ, ಧರ್ಮೇಶಣ್ಣ."

ಧರ್ಮೇಶ ಒಮ್ಮೆ ಪರದೆ ನೋಡಿದ, ಒಮ್ಮೆ ಡಬ್ಬ ನೋಡಿದ. "ಈಗ ತಾನೇ ಹಾಕಿದ್ದಲ್ವ ಮಾರಾಯ್ತಿ?"

"ಹೌದು."

"ಹಾಕಿದ್ದು ಎಲ್ಲಿ ಹೋಯ್ತು ಹಂಗಾರೆ?"

ಇನ್ನೊಮ್ಮೆ ಹಾಕಿದರು, ತೆಗೆದು ಒರೆಸಿ ಹಾಕಿದರು. ಅದು ಎಲೆಯ ತುಂಬ ಬಡಿಸಿದ ಮೇಲೂ "ಅನ್ನವೇ ಬಂದಿಲ್ಲ" ಎನ್ನುವ ನೆಂಟನ ಹಾಗೆ ಅದೇ ಸಾಲು ತೋರಿಸಿತು.

ಪಕ್ಕದ ಎಸ್‌ಟಿಡಿ ಬೂತಿನ ಗಣಪತಿಗೆ ಇನ್ನೊಬ್ಬರ ಮನೆಯ ಕಷ್ಟ ಮೂಗಿಗೇ ಬಡಿಯುತ್ತದೆ. ಕರೆಯದೆ ಬಂದ. ಪರದೆಯನ್ನು ಕನ್ನಡಕ ಏರಿಸಿ ಓದಿ, "ನರಸಿಂಹರಾಜಪುರದ ಪರಮೇಶ್ವರನ್ನ ಕೇಳುವ. ಈ ಯಂತ್ರ ಜೋಡಿಸಿಕೊಟ್ಟವನು ಅವನೇ ಅಲ್ವಾ?" ಎಂದು ತನ್ನ ಬೂತಿನಿಂದಲೇ ಫೋನ್ ಹಚ್ಚಿದ. ಮಾತು ಎರಡಂಗಡಿಗೂ ಕೇಳಿಸಿತು.

"ಹಲೋ ಪರಮೇಶ್ವರ, ಮೆಮೊರಿ ಸಾಲದು ಅಂತ ಹೇಳ್ತಾ ಇದೆ ಮಾರಾಯ. ಹೌದು, ಹೊಸದು ಹಾಕಿದ್ದಾಯ್ತು. ಆದ್ರೂ ಸಾಲದಂತೆ. ಎಂತ ಮಾಡೋದು?" ಸ್ವಲ್ಪ ಹೊತ್ತು ಕೇಳಿಸಿಕೊಂಡು, ಫೋನಿಟ್ಟು ಹೊರಗೆ ಬಂದ. "ಅದು ಬಾಯಿ ಬಿಟ್ಟು ಕೇಳ್ತಾ ಇದೆ, ನೀವು ಕೊಡದೆ ನನಗೆ ಫೋನ್ ಮಾಡ್ತಾ ಕೂತಿದ್ದೀರಿ ಅಂದ. ಇನ್ನೊಂದು ಹಾಕಬೇಕಂತೆ."

ನಿನ್ನೆಯವರೆಗೂ ಕಡಿಮೆಯಲ್ಲೇ ನಡೆಯುತ್ತಿತ್ತಲ್ಲ ಎಂದು ಚೇತನಾ ಹೇಳಬೇಕೆಂದುಕೊಂಡಳು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಣಪತಿ, "ನನ್ನ ಬೂತಿನ ಕಂಪ್ಯೂಟರಲ್ಲೊಂದು ಇದೆ, ಸಂಜೆವರೆಗೆ ಇಟ್ಕೊಳ್ಳಿ. ನೆರೆಹೊರೆ ಅಂತ ಇರೋದು ಎಂತಕ್ಕೆ?" ಎಂದು ಅದನ್ನು ಕಿತ್ತು ತಂದೇಬಿಟ್ಟ. ಚೇತನಾ ತೆರೆದ ಬಾಯನ್ನು ಮುಚ್ಚಿದಳು.

ಮೂರನೆಯ ಪಟ್ಟಿಯೂ ಕೂತಿತು. ಪರದೆಯ ಮೇಲೆ ಅದೇ ಸಾಲು.

ಧರ್ಮೇಶ ಹಿಂಡಿಯ ಚೀಲದ ಮೇಲೆ ಕುಳಿತುಬಿಟ್ಟ. "ನೋಡಿ, ಅಡ್ಡಗದ್ದೆ ವೀರಪ್ಪನವರ ಮಗಳ ಮದುವೆ ಕಾಗದ ಇವತ್ತು ಸಂಜೆ ಕೈಗೆ ಕೊಡಬೇಕು. ನಾಳೆ ಬೆಳಿಗ್ಗೆ ಮೊದಲ ಕಾಗದ ಗುಡೀಲಿ ಅಮ್ಮನವರ ಪಾದದಲ್ಲಿಟ್ಟು, ಆಮೇಲೆ ಮನೆಮನೆಗೆ ಹೇಳಿಕೆಗೆ ಹೊರಡ್ತಾರೆ. ಒಂದು ಯಂತ್ರಕ್ಕೆ ಇಬ್ಬರು ಇದ್ದೀರಿ. ಇಬ್ಬರಿದ್ದೂ ಅದು ಏಳಲ್ಲ ಅಂದ್ರೆ ಇಬ್ಬರು ಎಂತಕ್ಕೆ? ಇವತ್ತು ಸಂಜೆ ಹೊತ್ತಿಗೆ ಒಬ್ಬರನ್ನ ಮನೆಗೆ ಕಳಿಸೋದೇ. ಯಾರು ಅಂತ ಕೆಲಸ ನೋಡಿ ಹೇಳ್ತೇನೆ."

ನಿತೀಶ್ ಸರ್ಟಿಫಿಕೇಟಿನ ಕಡೆ ನೋಡಿದ. ಚೇತನಾ ನೆಲ ನೋಡಿದಳು. ಕೆಲಸ ನೋಡಿ ಎಂದಿದ್ದಾನೆ, ಒಳ್ಳೆಯದೇ. ಸಂಜೆಯೊಳಗೆ ಆ ಕಾಗದ ತನ್ನ ಕೈಯಿಂದ ಹೊರಬಿದ್ದರೆ ತಾನು ಉಳಿದಂತೆ ಎಂದು ಅವಳು ಲೆಕ್ಕ ಹಾಕಿಕೊಂಡಳು.

ಮಧ್ಯಾಹ್ನದ ಬಿಸಿಲಿಗೆ ವೀರಪ್ಪನವರು ಹೆಂಡತಿ ಸುಲೋಚನಮ್ಮನ ಜೊತೆ ಬಂದರು. ಎತ್ತರದ ಆಳು, ಹೆಗಲ ಮೇಲೆ ಟವೆಲು, ಏನು ಹೇಳಿದರೂ ತೀರ್ಪು ಕೊಟ್ಟ ಹಾಗೆ ಕೇಳುವ ದನಿ. ಸುಲೋಚನಮ್ಮನ ಕೈಚೀಲದಲ್ಲಿ ಮಠದ ತೀರ್ಥದ ಬಾಟಲಿಯಿತ್ತು. ಯಂತ್ರ ಏಳುತ್ತಿಲ್ಲ ಎಂದು ಕೇಳಿ ಇಬ್ಬರೂ ಮುಖ ಸಣ್ಣ ಮಾಡಿದರು. ಆಗಲೇ ವೀರಪ್ಪನವರ ಕಣ್ಣು ಕೀಬೋರ್ಡಿನ ಹತ್ತಿರ ಬಿದ್ದಿದ್ದ ಒಂದು ಕಾಗದದ ಮೇಲೆ ಹೋಯಿತು. ಮಾದರಿಗೆಂದು ಉಳಿಸಿಕೊಂಡ ಗಿರಿಯಮ್ಮಜ್ಜಿಯ ಉತ್ತರಕ್ರಿಯೆಯ ಕಾಗದ. ಮೂಗುತಿ ಸೊಗಸಾಗಿ ಹೊಳೆಯುತ್ತಿತ್ತು.

"ಇದು?"

"ನಾವೇ ಮಾಡಿದ್ದು" ಎಂದ ನಿತೀಶ್ ಹೆಮ್ಮೆಯಿಂದ.

"ಇದೇ ಯಂತ್ರದಲ್ಲಾ?"

"ಇರೋದೇ ಇದೊಂದಲ್ವಾ. ಅಜ್ಜಿ ಇನ್ನೂ ಮೆಮೊರೀಲೇ ಇದ್ದಾರೆ, ಬೇಕಿದ್ರೆ ತೋರಿಸ್ತಿದ್ದೆ. ಆನ್ ಆಗ್ತಿಲ್ಲ ಅಷ್ಟೇ."

ವೀರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಸಾವಿನ ಕಾಗದವನ್ನು ಊರಿನಲ್ಲಿ ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಜಗುಲಿಯಲ್ಲೇ ಓದಿ, ಅಲ್ಲೇ ಮಾಡಿನ ಸಂದಿಗೆ ಸಿಕ್ಕಿಸುತ್ತಾರೆ. ಅಂಥದ್ದರಲ್ಲಿ ಇಲ್ಲಿ, ಮದುವೆ ಕಾಗದ ಹುಟ್ಟಬೇಕಾದ ಡಬ್ಬದ ಒಳಗೇ ಅಜ್ಜಿ ಕುಳಿತಿದ್ದರು.

"ಧರ್ಮೇಶ, ಇದರಲ್ಲಿ ನನ್ನ ಮಗಳ ಕಾಗದ ಆಗಕೂಡದು. ಮೊದಲ ಕಾಗದ ದೇವರಿಗೆ ಹೋಗೋದು."

ಕರೆಂಟು ಹೋದರೆ ಆ ಪಟ್ಟಿಯಲ್ಲಿ ಏನೂ ಉಳಿಯುವುದಿಲ್ಲ, ಅಜ್ಜಿ ಎಂದೋ ಹೋಗಿಯಾಯಿತು ಎಂದು ಚೇತನಾ ಹೇಳಿದಳು. ಹೇಳಿದಳು ಎಂದು ಅವಳು ಅಂದುಕೊಂಡಳು. ಹೊರಗೆ ಬಂದದ್ದು "ಕರೆಂಟು ಹೋದ್ರೆ…" ಎನ್ನುವಷ್ಟೇ.

"ಕರೆಂಟು ಇದೆಯಲ್ಲ, ಎಂತ ಆಗಿದೆ ಅದಕ್ಕೆ?" ಎಂದ ಗಣಪತಿ, ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿ. ಅವನಿಗೆ ಈಗ ಎಲ್ಲ ಸ್ಪಷ್ಟವಾಗಿತ್ತು. "ಇದೇ ಮತ್ತೆ ಕಾರಣ. ಅಜ್ಜಿ ಜಾಗ ಬಿಡ್ತಿಲ್ಲ. ನಾವು ಎಷ್ಟು ಹಾಕಿದ್ರೂ ಸಾಲದು ಅಂತಿರೋದು ಯಂತ್ರ ಅಲ್ಲ."

"ಅವರು ಬದುಕಿದ್ದಾಗಲೂ ಹಂಗೇ" ಎಂದರು ಸುಲೋಚನಮ್ಮ. "ಪಂಕ್ತೀಲಿ ಕೂತ್ರೆ ಪಾಯಸ ಎರಡು ಸಲ ಬರದೆ ಏಳ್ತಾನೇ ಇರ್ಲಿಲ್ಲ."

ಧರ್ಮೇಶ ವ್ಯಾಪಾರಿ. ಗಿರಾಕಿಯ ನಂಬಿಕೆಯನ್ನು ಪ್ರಶ್ನಿಸುವವನಲ್ಲ. "ಸುಲಭ. ಹಳೇ ಮೆಮೊರಿ ತೆಗೆದು ಬಿಡುವ. ಹೊಸದರಲ್ಲಿ ಮಾಡುವ. ಹೊಸದಕ್ಕೆ ಎಂತ ಸೂತಕ? ನಿನ್ನೆ ಮೊನ್ನೆ ಕೊಪ್ಪದಿಂದ ಬಂದದ್ದು. ತೆಗೆ ಚೇತನಾ ಅದನ್ನ."

ಚೇತನಾ ಡಬ್ಬದೊಳಗೆ ಕೈ ಹಾಕಿದಳು. ಹಳೆಯ ಪಟ್ಟಿ ಅಲುಗಲಿಲ್ಲ. ಹಿಂದೊಮ್ಮೆ ಅದರ ಕೊಂಡಿ ಮುರಿದಾಗ ನರಸಿಂಹರಾಜಪುರದ ಪರಮೇಶ್ವರ ಗಟ್ಟಿ ಅಂಟು ಸುರಿದು ಕೂರಿಸಿಹೋಗಿದ್ದ. ಎಳೆದರೆ ಪಟ್ಟಿಯ ಜೊತೆ ಅಡಿಯ ಹಲಗೆಯೂ ಏಳುವಂತಿತ್ತು.

"ಬರ್ತಿಲ್ಲ."

"ಬರಲ್ಲ" ಎಂದ ಗಣಪತಿ ತೃಪ್ತಿಯಿಂದ. "ನಾನು ಹೇಳಿದ್ನಲ್ಲ."

ನಿತೀಶ್ ಸ್ಕ್ರೂಡ್ರೈವರ್ ತಂದು ಮೀಟಲು ಹೋದ. ಚೇತನಾ ಅವನ ಕೈ ಹಿಡಿದಳು. ಸುಲೋಚನಮ್ಮ ತೀರ್ಥದ ಬಾಟಲಿಯ ಮುಚ್ಚಳ ತಿರುವಿದರು. ಚೇತನಾ ನಿತೀಶನ ಕೈ ಬಿಟ್ಟು ತನ್ನ ವೇಲನ್ನು ಡಬ್ಬದ ಮೇಲೆ ಹರಡಿದಳು. ತೀರ್ಥ ಅವಳ ತಲೆಯ ಮೇಲೂ ಕೀಬೋರ್ಡಿನ ಮೇಲೂ ಬಿತ್ತು. ಅವಳ ತಲೆಗೆ ಏನೂ ಆಗಲಿಲ್ಲ. ಕೀಬೋರ್ಡನ್ನು ಬಿಸಿಲಿಗೆ ಇಡಬೇಕಾಯಿತು. ಅಂಗಡಿಯ ಮುಂದೆ, ಹಪ್ಪಳ ಒಣಗಿಸುವ ಮೊರದಲ್ಲಿ, ಅದು ಹಲ್ಲು ಕಿರಿದು ಮಲಗಿತು. ದಾರಿಹೋಕರು ನಿಂತು ನಿಂತು ನೋಡಿದರು. ಯಾರೋ ಒಬ್ಬರು ಬೆಲೆಯನ್ನೂ ಕೇಳಿದರು.

ಕೊನೆಗೆ ಸುಲೋಚನಮ್ಮ ಡಬ್ಬದ ಮುಂದೆ ಕೈಮುಗಿದು ನಿಂತರು. "ಗಿರಿಯಮ್ಮಾ, ನಿಮ್ಮ ಉತ್ತರಕ್ರಿಯೆಗೆ ನಾನೇ ಬರ್ತೇನೆ. ಎರಡು ಸಲ ಅಲ್ಲ, ಮೂರು ಸಲ ಪಾಯಸ ನಾನೇ ನಿಂತು ಎಡೆಗೆ ಬಡಿಸ್ತೇನೆ. ಹುಡುಗೀ ಮದುವೆ. ಈಗ ಏಳಿ ತಾಯಿ."

ಅಜ್ಜಿ ಏಳಲಿಲ್ಲ. ವೀರಪ್ಪನವರು ಗಡಿಯಾರ ನೋಡಿ, "ನಾಲ್ಕು ಕಡೆ ಕೆಲಸ ಇದೆ. ಸಂಜೆ ಬರ್ತೇವೆ. ಆಗ ಆಗದಿದ್ರೆ ನಾನು ಕೊಪ್ಪಕ್ಕೆ ಹೋಗಿ ಮಾಡಿಸ್ತೇನೆ, ತಪ್ಪು ತಿಳೀಬೇಡಿ" ಎಂದರು.

ಅವರು ಹೋದ ಮೇಲೆ ಧರ್ಮೇಶ ಮೊಟ್ಟೆಯ ಟ್ರೇಗಳನ್ನೂ ಕಂಪ್ಯೂಟರಿನ ಮೇಜನ್ನೂ ಬದಲು ಬದಲಾಗಿ ನೋಡುತ್ತಾ ನಿಂತ. ಆ ಮೇಜಿನ ಮೇಲೆ ಎಷ್ಟು ಟ್ರೇ ಹಿಡಿಯುತ್ತವೆ ಎಂದು ಅಂದಾಜು ಮಾಡುತ್ತಿದ್ದಾನೆಂದು ಚೇತನಾಗೆ ಅನ್ನಿಸಿತು. ಅವಳಿಗೆ ಊಟದ ಡಬ್ಬಿ ಬಿಚ್ಚುವ ಮನಸ್ಸಾಗಲಿಲ್ಲ. ಕೆರೆಕಟ್ಟೆಯ ಮನೆಯ ಕಿಟಕಿ ನೆನಪಾಯಿತು. ಆ ಕಿಟಕಿಯಾಚೆ ಒಬ್ಬರಾದ ಮೇಲೆ ಒಬ್ಬರು ನಿಂತು, ಈಗ ಎಂತ ಮಾಡ್ತಿದ್ದಿ, ಈಗ ಎಂತ ಮಾಡ್ತಿದ್ದಿ ಎಂದು ಕೇಳುವುದು ಇಲ್ಲಿಗೇ ಕೇಳಿಸಿತು. ನಿತೀಶ್ ಅವಳ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದು, "ಉಪ್ಪು ಸ್ವಲ್ಪ ಮುಂದೆ ಚೇತನಕ್ಕ" ಎಂದ.

ಬಿಸಿಲು ಇಳಿಯುವ ಹೊತ್ತಿಗೆ ಗಣಪತಿ ಬಂದು ತನ್ನ ಪಟ್ಟಿ ಕೇಳಿದ. "ಬೂತಿನಲ್ಲಿ ಜನ ಕಾಯ್ತಿದ್ದಾರೆ. ನಿಮ್ಮಜ್ಜಿಗೆ ಹೆದರಿ ನನ್ನ ಅಂಗಡಿ ಮುಚ್ಚೋಕಾಗ್ತದಾ?" ನೆರೆಹೊರೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಚೇತನಾ ಅವನದ್ದನ್ನು ತೆಗೆದುಕೊಟ್ಟಳು. ಡಬ್ಬದಲ್ಲಿ ಹಳೆಯದು, ಹೊಸದು ಎರಡೇ ಉಳಿದವು. ಧರ್ಮೇಶ ಗಲ್ಲಾದಲ್ಲಿದ್ದ, ನಿತೀಶ್ ಟೀ ಕುಡಿಯಲು ಹೋಗಿದ್ದ. ಅವಳು ಕೊನೆಯದೊಂದು ಸಲ ಹಳೆಯದನ್ನು ಹಿಡಿದು ಎಳೆದಳು. ಬೆರಳು ಜಾರಿತು. ಮೊಣಕೈ ತಾಗಿ ಪಕ್ಕದ ಹೊಸದರ ಕೊಂಡಿ ಬಿಚ್ಚಿಕೊಂಡಿತು. ಹೊಸ ಪಟ್ಟಿ ಅವಳ ಅಂಗೈಗೆ ಬಂದು ಬಿತ್ತು, ಮಾಗಿದ ಹಣ್ಣಿನ ಹಾಗೆ, ಯಾರೂ ಕೇಳದೆಯೇ.

ಇನ್ನು ಆಗುವುದೇನಿದೆ ಎಂದು ಅವಳು ಹಾಗೆಯೇ ಸ್ವಿಚ್ಚು ಒತ್ತಿದಳು.

ಪರದೆಯ ಮೇಲೆ ನೀಲಿ ಆಕಾಶ ಬಂತು. ಬಿಳಿ ಮೋಡಗಳು ಬಂದವು. ಆಮೇಲೆ ಆ ಚಿರಪರಿಚಿತ ರಾಗ ಹಿಂಡಿಯ ಚೀಲಗಳ ನಡುವೆಯಿಂದ ಎದ್ದು ಇಡೀ ಅಂಗಡಿಗೆ ಕೇಳಿಸಿತು.

ಚೇತನಾಗೆ ಕೂಡಲೇ ಹೊಳೆಯಿತು. ಅವಳು ಕನ್ನಡ ಟೈಪಿಂಗ್ ಕಲಿತ ಕ್ಲಾಸಿನ ಮೇಷ್ಟ್ರು ಒಂದು ದಿನ ಯಾವುದೋ ಮಾತಿಗೆ ಹೇಳಿದ್ದರು: ಈ ಹಳೆಯ ವಿಂಡೋಸಿಗೆ ಒಂದು ಮಿತಿಯಿದೆ, ಅದಕ್ಕಿಂತ ಹೆಚ್ಚು ಮೆಮೊರಿ ಕೊಟ್ಟರೆ ಅದು ಕಂಗೆಡುತ್ತದೆ ಎಂದು. ಅವಳು ಆಗ ನಕ್ಕಿದ್ದಳು. ಅಷ್ಟು ಮೆಮೊರಿ ಯಾರ ಮನೆಯಲ್ಲಿರುತ್ತದೆ ಎಂದುಕೊಂಡಿದ್ದಳು. ಇದ್ದದ್ದು ಕೊರತೆಯಲ್ಲ, ಹೆಚ್ಚಳ. ಇಡೀ ದಿನ ಎಲ್ಲರೂ ಹೊಟ್ಟೆ ಉಬ್ಬರಿಸಿದವನಿಗೆ ಹಸಿವೆಂದು ಬಡಿಸುತ್ತಲೇ ಇದ್ದರು.

"ಎದ್ದಿತಾ?" ಎಂದು ಧರ್ಮೇಶ ಗಲ್ಲಾದಿಂದ ಓಡಿಬಂದ. ಅವನ ಹಿಂದೆಯೇ ಬಾಗಿಲಲ್ಲಿ ವೀರಪ್ಪನವರೂ ಸುಲೋಚನಮ್ಮನೂ ಕಾಣಿಸಿಕೊಂಡರು. ಚೇತನಾಳ ಕೈಯಲ್ಲಿ ಹಸಿರು ಪಟ್ಟಿ ಇತ್ತು.

"ತೆಗೆದೆಯಾ?" ಕೇಳಿದರು ವೀರಪ್ಪನವರು.

"ತೆಗೆದೆ."

"ಅಜ್ಜಿದ್ದಾ?"

ಇಲ್ಲ, ಇದು ಹೊಸದು, ಅಜ್ಜಿಯದು ಒಳಗೇ ಇದೆ, ಯಂತ್ರ ನಡೆಯುತ್ತಿರುವುದೇ ಅದರಿಂದ ಎಂದರೆ ಅವರು ಕೊಪ್ಪದ ಬಸ್ಸು ಹತ್ತುತ್ತಾರೆ. ತಾನು ಕೆರೆಕಟ್ಟೆಯ ಬಸ್ಸು ಹತ್ತಬೇಕಾಗುತ್ತದೆ. ಚೇತನಾ ಜೀವನದಲ್ಲಿ ನಿಜವನ್ನು ಬೇಕಾದಷ್ಟು ಸಲ ನುಂಗಿದ್ದಳು, ಆದರೆ ಸುಳ್ಳನ್ನು ಉಗುಳಿದವಳಲ್ಲ. ಇವತ್ತು ಅದು ಸಲೀಸಾಗಿ, ಎಲ್ಲರಿಗೂ ಕೇಳುವ ಹಾಗೆ ಹೊರಗೆ ಬಂತು.

"ಹೌದು. ಹಳೆಯದನ್ನ ತೆಗೆದೆ. ಈಗ ಹೊಸದೊಂದೇ ಇರೋದು."

"ಪಾಯಸ ಅಂದ ಮೇಲೆ ಏಳದೆ ಇರ್ತಾರಾ?" ಎಂದು ಸುಲೋಚನಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಪಟ್ಟಿಯಿಂದ ದೂರ ಸರಿದು, "ಅದನ್ನ ಒಳಗೆ ಇಟ್ಕೋಬೇಡಿ" ಎಂದರು.

"ಹೊಳೆಗೆ ಬಿಟ್ರಾಯ್ತು" ಎಂದ ಧರ್ಮೇಶ.

"ಹೊಳೆಗೆ ಬೇಡ ಮಾರಾಯ" ಎಂದು ಗಣಪತಿ ಬೂತಿನಿಂದಲೇ ತಲೆ ಹೊರಹಾಕಿದ. "ದೇವರ ಮೀನು ನುಂಗಿಬಿಟ್ರೆ? ಎಲ್ಲ ಬಿಟ್ಟು ಮೀನಿಗೆ ಸೂತಕ ತಾಗಿಸ್ತೀಯಾ?"

ಇದು ಎಲ್ಲರಿಗೂ ಸರಿ ಕಂಡಿತು. ಧರ್ಮೇಶ ಚೇತನಾಳ ಕೈಯಿಂದ ಆ ಪಟ್ಟಿಯನ್ನು ಹಳೆಯ ಪೇಪರಿನಲ್ಲಿ ಹಿಡಿದುಕೊಂಡ. ಕೊಪ್ಪದಿಂದ ತಾನೇ ತರಿಸಿದ್ದ, ಒಂದು ದಿನವೂ ಕೆಲಸ ಮಾಡದ ಆ ಹೊಸ ಮೆಮೊರಿಯನ್ನು ಕೈಚಾಚಿ ದೂರ ಹಿಡಿದು, ಮುಖ ಆ ಕಡೆ ತಿರುಗಿಸಿ, ಅಂಗಡಿಯ ಮುಂದಿನ ಚರಂಡಿಗೆ ಎಸೆದ. ಆಮೇಲೆ ಕೈ ತೊಳೆದು ಬಂದ. ಚೇತನಾಳ ಗಂಟಲಿನವರೆಗೆ ಒಂದು ಶಬ್ದ ಬಂದು, ರೂಢಿಯ ದಾರಿ ಹಿಡಿದು ಕೆಳಗಿಳಿಯಿತು.

ಕೀಬೋರ್ಡು ಒಣಗಿತ್ತು. ಅವಳು ಕುಳಿತಳು. ಹಾಗೆ ಅವಳು ಎಂದೂ ಟೈಪ್ ಮಾಡಿರಲಿಲ್ಲ. ವಧು ವರರ ಹೆಸರು, ಮುಹೂರ್ತ, ಮಂಟಪ, "ತಮ್ಮ ಆಗಮನಾಭಿಲಾಷಿಗಳು", ಎಲ್ಲ ಒಂದಾದ ಮೇಲೊಂದು ಬಂದು ಜಾಗ ಹಿಡಿದವು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಪ್ರಿಂಟರಿನಿಂದ ಮೊದಲ ಕಾಗದ ಬೆಚ್ಚಗೆ ಹೊರಬಂದಾಗ ಸುಲೋಚನಮ್ಮ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. "ಎಷ್ಟು ಲಕ್ಷಣವಾಗಿ ಬಂದಿದೆ. ಕೈ ಒಳ್ಳೇದು ಈ ಹುಡುಗೀದು" ಎಂದರು. ಚೇತನಾಗೆ ಆ ದಿನ ಮೊದಲ ಬಾರಿಗೆ ಹಸಿವಾಯಿತು.

ವೀರಪ್ಪನವರು ಕಾಗದಗಳನ್ನು ಒಂದೊಂದಾಗಿ ಊದಿ ಆರಿಸುತ್ತಿದ್ದರು. ಧರ್ಮೇಶ ಮೇಜಿಗೆ ಒರಗಿ ಕೇಳಿದ, "ಅಲ್ಲ ಚೇತನಾ, ನಿಜಕ್ಕೂ ಎಂತ ಆಗಿತ್ತು ಅದಕ್ಕೆ? ಅಜ್ಜಿ ಕತೆ ಬಿಡು."

ಇಂಥ ಅವಕಾಶ ಮತ್ತೆ ಬರುವುದಿಲ್ಲ. ನಿತೀಶ್ ಟೀ ಮುಗಿಸಿ ಬಂದು ಪಕ್ಕದಲ್ಲೇ ನಿಂತಿದ್ದ. ಚೇತನಾ ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಹೇಳಿದಳು.

"ಒಬ್ಬ ಅಡಿಗೆಯವನನ್ನ ಮದುವೆ ಛತ್ರಕ್ಕೆ ಕರ್ಕೊಂಡು ಬಂದ ಹಾಗೆ, ಧರ್ಮೇಶಣ್ಣ. ಛತ್ರ ಚಿಕ್ಕದಿದ್ರೆ ಉಗ್ರಾಣಕ್ಕೆ ಒಂದು ಮೂಲೆ ಹಿಡೀತಾನೆ, ಅಡಿಗೆ ಮಾಡ್ತಾನೆ. ಭಾರೀ ದೊಡ್ಡ ಛತ್ರ ಕೊಟ್ರೆ? ಇಷ್ಟು ಜಾಗ ಇದೆಯಲ್ಲ ಅಂತ ಎಲ್ಲಾ ಕಡೆ ಉಗ್ರಾಣವೇ ಮಾಡಿಬಿಡ್ತಾನೆ. ಕೊನೆಗೆ ಒಲೆ ಹಚ್ಚೋಕೆ ಜಾಗ ಇರಲ್ಲ. ಆಗ ಅವನೇ ಬಂದು, ನಿಮ್ಮ ಛತ್ರದಲ್ಲಿ ಜಾಗವೇ ಇಲ್ಲ ಅಂತಾನೆ. ಈ ಹಳೇ ವಿಂಡೋಸಿನ ಬುದ್ಧಿ ಹಂಗೇ. ಮಿತಿಗಿಂತ ಹೆಚ್ಚು ಕೊಟ್ರೆ ಏಳೋದೇ ಇಲ್ಲ. ಒಂದು ಸಾಕು ಅದಕ್ಕೆ. ಎರಡು ಇಟ್ಟದ್ದೇ ತಪ್ಪು. ಹೆಚ್ಚಾದ ಒಂದನ್ನ ತೆಗೆದೆ, ಸರಿಯಾಯ್ತು."

ಇಷ್ಟುದ್ದದ ಮಾತನ್ನು ಅವಳು ಆ ಅಂಗಡಿಯಲ್ಲಿ ಹಿಂದೆಂದೂ ಆಡಿರಲಿಲ್ಲ. ಕೊನೆಯ ಸಾಲು ಹೇಳುವಾಗ ಅವಳ ಕಣ್ಣು ತಾನಾಗಿ ನಿತೀಶನ ಕಡೆ ಹೋಗಿ ಬಂತು.

ಧರ್ಮೇಶನ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು. ಅವನಿಗೆ ಕಂಪ್ಯೂಟರಿನ ಬಗ್ಗೆ ಯಾರು ಏನು ಹೇಳಿದರೂ ಇದುವರೆಗೆ ಅರ್ಥವಾಗಿರಲಿಲ್ಲ. ಇದು ಅರ್ಥವಾಯಿತು.

"ಅಂದ್ರೆ ಒಂದು ಇದ್ರೇ ಕೆಲಸ ಆಗೋದು."

"ಹೌದು."

"ಎರಡು ಇದ್ರೆ ಎರಡೂ ದಂಡ."

"ಹೌದು ಧರ್ಮೇಶಣ್ಣ."

"ಎಷ್ಟು ಸರಿ ಹೇಳ್ದೆ ಮಾರಾಯ್ತಿ. ನಾನು ಬೆಳಿಗ್ಗೆಯಿಂದ ಅದನ್ನೇ ಯೋಚಿಸ್ತಿದ್ದೆ, ಹೇಗೆ ಹೇಳೋದು ಅಂತ ತಿಳೀದೆ." ಅವನು ಪರದೆಯ ಮೇಲಿನ ಮೋಡದ ಚಿತ್ರವನ್ನು ಮೆಚ್ಚುಗೆಯಿಂದ ನೋಡಿದ. "ನೀನೇ ದಾರಿ ತೋರಿಸಿದೆ. ಹಳೆಯದನ್ನ ತೆಗೆದು ಹೊಸದೊಂದನ್ನೇ ಇಟ್ಟೆ, ನೋಡು ಹೇಗೆ ಓಡ್ತಾ ಇದೆ. ಇನ್ನು ನಿತೀಶ ಒಬ್ಬ ಸಾಕು. ನಾಳೆಯಿಂದ ನೀನು ಅಷ್ಟು ದೂರದಿಂದ ಬಂದು ಹೋಗೋ ಕಷ್ಟ ಬೇಡ."

ಚೇತನಾ ಬಾಯಿ ತೆರೆದಳು. ಒಳಗೆ ಇರೋದು ಹೊಸದಲ್ಲ. ಓಡುತ್ತಿರುವುದು ಹಳೆಯದೇ. ಇದಿಷ್ಟು ಎರಡೇ ಮಾತು. ಪಕ್ಕದಲ್ಲಿ ವೀರಪ್ಪನವರು ಅರಿಶಿನ ಹಚ್ಚಿದ ಮೊದಲ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಸುಲೋಚನಮ್ಮ ಉಳಿದವನ್ನು ಹೊಸ ಟವೆಲಿನಲ್ಲಿ ಸುತ್ತುತ್ತಿದ್ದರು.

ಅವಳು ಬಾಯಿ ಮುಚ್ಚಿದಳು.

"ಬೇಜಾರು ಮಾಡ್ಕೋಬೇಡ" ಎಂದ ಧರ್ಮೇಶ, ಗಲ್ಲಾ ತೆರೆಯುತ್ತಾ. ಅವನು ಕೆಟ್ಟವನಲ್ಲ. "ಅದನ್ನಾದ್ರೆ ಚರಂಡಿಗೆ ಎಸೆದೆ. ನಿನಗೆ ಬಸ್ ಚಾರ್ಜು ಕೊಡ್ತೇನೆ."

ನಿತೀಶ್ ಕುರ್ಚಿಯಲ್ಲಿ ಕುಳಿತು ಇಸ್ಪೀಟು ತೆಗೆದ. ಯಂತ್ರ ಬಹಳ ಚುರುಕಾಗಿ ಎಲೆ ಹಂಚಿತು.

ಹೊರಗೆ ಒಣಗಿದ ಚರಂಡಿಯಲ್ಲಿ, ಬಾಳೆಹಣ್ಣಿನ ಸಿಪ್ಪೆಯ ಮೇಲೆ, ಹಸಿರು ಪಟ್ಟಿ ಸಂಜೆಬಿಸಿಲಿಗೆ ಹೊಳೆಯುತ್ತಿತ್ತು. ಅದಕ್ಕೆ ಯಾವ ದೋಷವೂ ಇರಲಿಲ್ಲ. ಚೇತನಾ ಅದನ್ನು ದಾಟಿ ಬಸ್ ಸ್ಟ್ಯಾಂಡಿಗೆ ಹೋದಳು. ಕೆರೆಕಟ್ಟೆಯ ಕೊನೆಯ ಬಸ್ಸು ಗುರುಗುಟ್ಟುತ್ತಾ ನಿಂತಿತ್ತು. ಸೀತಕ್ಕ ಖಾಲಿ ಬುಟ್ಟಿ ಎತ್ತಿ ಸೀಟು ಬಿಟ್ಟುಕೊಟ್ಟಳು.

ಬಸ್ಸು ಪೇಟೆ ದಾಟಿತು. ಆಮೇಲೆ ಸೀತಕ್ಕ ಕೇಳಿದಳು, "ಎಂತ ಕೂಸೆ, ಮುಖ ಹಿಂಗೆ? ನಾಳೆ ಬೆಳಿಗ್ಗೆ ಸೀಟು ಹಿಡೀಲಾ?"

"ಬೇಡ ಸೀತಕ್ಕ. ಕಂಪ್ಯೂಟರು ಬಿಟ್ಟೆ."

ಸೀತಕ್ಕ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪೂರಾ ಈ ಕಡೆ ತಿರುಗಿ ಕುಳಿತಳು.

"ಹೌದಾ," ಎಂದಳು. "ಮತ್ತೆ, ಈಗ ಎಂತ ಮಾಡ್ತಿ?"